ಬೇರಕ್ಕ ಅಗೆದ ಗುಂಡಿ

ಬೇರು ತೊಳೆಯುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಒಂದು ದಿನ ಆ ತೊಟ್ಟಿಯ ಮುಂದೆ ಕೂತು ನೋಡಬೇಕು. ಕಾಡಿನಂಚಿನ ಸಂಶೋಧನಾ ಕೇಂದ್ರದ ಹಿಂಬದಿಯ ಕೋಣೆ. ಒಂದೇ ಕಿಟಕಿ, ಅದರ ಕೆಳಗೆ ಕಲ್ಲಿನ ತೊಟ್ಟಿ, ತೊಟ್ಟಿಯಲ್ಲಿ ಒಂದರ ಮೇಲೊಂದು ಕೂರಿಸಿದ ಜರಡಿಗಳು. ಮರದ ಬುಡದಿಂದ ಕೊರೆದು ತಂದ ಮಣ್ಣಿನ ಹೆಂಟೆಯನ್ನು ಮೇಲಿನ ಜರಡಿಯಲ್ಲಿಟ್ಟು ನೀರು ಬಿಡಬೇಕು. ನೀರು ಜೋರಾದರೆ ಬೇರಿನ ಎಳೆ ತುದಿ ಕಿತ್ತುಕೊಂಡು ಹೋಗುತ್ತದೆ, ಕಡಿಮೆಯಾದರೆ ಮಣ್ಣು ಬಿಡುವುದಿಲ್ಲ. ಚಳಿಗಾಲದಲ್ಲಿ ಬೆರಳುಗಳು ಮರಗಟ್ಟಿ, ಯಾರದೋ ಬೆರಳು ತಂದು ಜೋಡಿಸಿಕೊಂಡ ಹಾಗಾಗುತ್ತವೆ. ಇಷ್ಟೆಲ್ಲ ಆದಮೇಲೆ ಉಳಿಯುವುದು ಒಂದು ಹಿಡಿ ಕಂದು ಕೂದಲಿನಂಥದ್ದು. ಅದನ್ನು ತಟ್ಟೆಯ ನೀರಿನಲ್ಲಿ ಹರವಿ, ಚಿಮುಟದಲ್ಲಿ ಒಂದೊಂದೇ ತುದಿಯನ್ನು ಬೇರ್ಪಡಿಸಬೇಕು. ಈ ಕೆಲಸವನ್ನು ವರ್ಷಗಟ್ಟಲೆ ಮಾಡಿದವಳನ್ನು ಕೇಂದ್ರದವರೆಲ್ಲ ಬೇರಕ್ಕ ಎಂದೇ ಕರೆಯುತ್ತಿದ್ದರು. ಅವಳಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು. ಕರೆಯುವವರಿಲ್ಲದೆ ಅದು ಹಾಗೇ ಮೂಲೆಗೆ ಬಿದ್ದಿತ್ತು.

ಬೇರಿನ ತುದಿಗೆ ಬಿಳಿಯ ಕಾಲುಚೀಲ ತೊಡಿಸಿದ ಹಾಗೆ ಬೂಷ್ಟು ಸುತ್ತಿರುವುದನ್ನು ಅವಳು ಮೊದಲ ಸಲ ಕಂಡಾಗ ರೋಗವೆಂದು ತಿಳಿದು ಎಸೆಯಹೊರಟಿದ್ದಳಂತೆ. ಮೇಡಂ ಓಡಿ ಬಂದು ಕೈ ಹಿಡಿದರು. ಮೇಡಂ ಎಂದರೆ ಆ ಕೇಂದ್ರದ ಹಿರಿಯ ವಿಜ್ಞಾನಿ. ಮಾತಿಗೆ ಕೂತರೆ ಮುಂದಿದ್ದ ಚಹಾ ಆರಿ ತಣ್ಣಗಾಗುವವರೆಗೂ ಏಳದ ಹೆಂಗಸು, ಆದರೆ ಕೆಲಸದವಳಿಗೆ ಹೇಳಿ ಏನು ಪ್ರಯೋಜನ ಎಂದು ಯೋಚಿಸುವ ಜಾತಿಯವರಲ್ಲ. ಅವರೇ ಬಿಡಿಸಿ ಹೇಳಿದರು. ಮರಕ್ಕೆ ಸಾರಜನಕ ಬೇಕು, ಅದಿಲ್ಲದೆ ಒಂದು ಎಲೆಯೂ ಚಿಗುರದು. ಕಾಡಿನ ಮಣ್ಣಿನಲ್ಲಿ ಅದು ಇಲ್ಲವೆಂದಲ್ಲ. ಆದರೆ ಇರುವುದೆಲ್ಲ ಉದುರಿದ ಎಲೆಯಲ್ಲಿ, ಸತ್ತ ಹುಳುವಿನಲ್ಲಿ ಬಿಗಿಯಾಗಿ ಕಟ್ಟಿಬಿದ್ದಿರುತ್ತದೆ. ಅದನ್ನು ಬಿಡಿಸಿಕೊಳ್ಳುವ ತ್ರಾಣ ಬೇರಿಗಿಲ್ಲ, ಬೇರಿಗಂಟಿದ ಈ ಶಿಲೀಂಧ್ರಕ್ಕಿದೆ. ಅದು ಕೂದಲಿಗಿಂತ ತೆಳುವಾದ ಎಳೆಗಳನ್ನು ಬೇರು ಮುಟ್ಟಲಾಗದ ಕಡೆಗೆಲ್ಲ ಚಾಚಿ, ರಸ ಬಿಟ್ಟು, ಕೊಳೆತದ್ದನ್ನು ಕರಗಿಸಿ ಸಾರಜನಕವನ್ನು ಹೀರಿಕೊಳ್ಳುತ್ತದೆ. ಅದರಲ್ಲೊಂದು ಪಾಲು ಮರಕ್ಕೆ. ಬದಲಿಗೆ ಮರ ತನ್ನ ಎಲೆಯಲ್ಲಿ ಮಾಡಿದ ಸಕ್ಕರೆಯನ್ನು ಬೇರಿಗಿಳಿಸಿ ಶಿಲೀಂಧ್ರವನ್ನು ಸಾಕುತ್ತದೆ.

"ಎಷ್ಟು ಹೊಂದಾಣಿಕೆ ಅಲ್ವಾ ಮೇಡಂ?" ಎಂದಿದ್ದಳು ಬೇರಕ್ಕ.

"ಹೊಂದಾಣಿಕೆನೂ ಇಲ್ಲ ಮಣ್ಣೂ ಇಲ್ಲ" ಎಂದು ಮೇಡಂ ನಕ್ಕರು. "ಮೊದಲು ತನ್ನ ಹೊಟ್ಟೆ, ಆಮೇಲೆ ಮರ. ಮಣ್ಣಲ್ಲಿ ಸಾರಜನಕ ಕಡಿಮೆ ಆದಷ್ಟೂ ಇದು ಬಿಗಿ ಹಿಡಿಯುತ್ತೆ. ಮರ ಪಾಪ ಸಕ್ಕರೆ ಸುರೀತಾನೇ ಇರುತ್ತೆ, ಇದು ತನಗಿಟ್ಕೊಂಡು ಚೂರುಪಾರು ಕೊಡುತ್ತೆ. ಬಿಟ್ಟು ಹೋಗೋ ಹಾಗೂ ಇಲ್ಲ, ನೆಮ್ಮದಿಯಾಗಿ ಇರೋ ಹಾಗೂ ಇಲ್ಲ."

ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡ ಅತ್ತೆಯ ಹಾಗೆ ಎಂದುಕೊಂಡು ಬೇರಕ್ಕ ಒಳಗೊಳಗೇ ನಕ್ಕಳು. ಆಗಿನ್ನೂ ನಗುವ ಕಾಲ.

ಮೇಡಂ ಕಾಡಿನಲ್ಲಿ ಪೈನ್ ಮರಗಳ ನಡುವೆ ಹಗ್ಗ ಕಟ್ಟಿಸಿ ತಾಕುಗಳನ್ನು ಮಾಡಿಸಿದ್ದರು. ಕೆಲವು ತಾಕುಗಳಿಗೆ ಯೂರಿಯಾ ಎರಚುವುದು, ಕೆಲವನ್ನು ಇದ್ದ ಹಾಗೇ ಬಿಡುವುದು. ಯೂರಿಯಾ ಎಂದರೆ ಬಿಟ್ಟಿ ಸಾರಜನಕ. ಅದು ಸಿಕ್ಕಿದ ಮೇಲೆ ಮರಕ್ಕೆ ಹಳೆಯ ಶಿಲೀಂಧ್ರದ ಹಂಗೇಕೆ? ಸಕ್ಕರೆ ಕೊಡುವುದನ್ನು ನಿಲ್ಲಿಸುತ್ತದೆ, ಹಳೆಯದು ಸೊರಗುತ್ತದೆ. ಆ ಜಾಗಕ್ಕೆ ಯೂರಿಯಾ ಕರಗಿ ಹುಟ್ಟುವ ಅಮೋನಿಯಾವನ್ನೇ ಮೆಚ್ಚುವ ಬೇರೆ ಜಾತಿಯವು ಬಂದು ಕೂರುತ್ತವೆ. ಮೊದಲು ನೆಲದ ಮೇಲೆ ಅಂಗಿಯ ಗುಂಡಿಯಷ್ಟು ಗಾತ್ರದ, ಬಟ್ಟಲಿನಂಥ ಅಣಬೆಗಳು. ಮುಂದಿನ ವರ್ಷ ಬೇರಿಗಂಟಿಕೊಂಡು ಮೇಲೇಳುವ, ಮಾಸಲು ಕಂದು ಟೋಪಿಯ ದಪ್ಪ ಅಣಬೆಗಳು. ಮಳೆ ನಿಂತ ಮೇಲೆ ತಾಕು ತಾಕಿಗೂ ಹೋಗಿ ಅವನ್ನು ಕಿತ್ತು ಬುಟ್ಟಿಗೆ ಹಾಕಿ ತರುವುದೂ ಬೇರಕ್ಕನ ಪಾಲಿನ ಕೆಲಸವೇ.

"ಯೂರಿಯಾ ಹಾಕಿದ ಕಡೆ ಬಿಟ್ಟು ಇವು ಬೇರೆಲ್ಲೂ ಬರಲ್ವಾ?" ಎಂದು ಅವಳು ಒಮ್ಮೆ ಕೇಳಿದ್ದಳು.

"ಬರ್ತವೆ. ದೊಡ್ಡ ಪ್ರಾಣಿ ಯಾವುದಾದ್ರೂ ಸತ್ತು ಮಣ್ಣಾದ ಕಡೆ ಬರ್ತವೆ. ಹೆಣ ಕೊಳೆತರೂ ಮಣ್ಣಿಗಿಳಿಯೋದು ಇದೇ ಅಮೋನಿಯಾ ತಾನೇ? ನಾನೇನಾದ್ರೂ ಈ ಕಾಡಲ್ಲಿ ಕಾಣೆಯಾದ್ರೆ ಪೊಲೀಸ್‌ನೋರಿಗೆ ಅಣಬೆ ನೋಡ್ಕೊಂಡು ಬನ್ನಿ ಅಂತ ಹೇಳು." ನಕ್ಕ ಮೇಡಂ ಅರ್ಧದಲ್ಲೇ ನಾಲಿಗೆ ಕಚ್ಚಿಕೊಂಡರು. ಯಾರ ಮುಂದೆ ಏನು ಹೇಳಿದೆನೆಂದು ಅವರಿಗೆ ಆಗ ಹೊಳೆದಿತ್ತು. ಬೇರಕ್ಕ ಏನೂ ಆಗದವಳಂತೆ ಜರಡಿ ತಿರುಗಿಸಿದಳು. ಆದರೆ ಆ ಮಾತು ಅವಳ ಎದೆಯಲ್ಲಿ ನಾಟಿ ಕೂತಿತು.

ಯಾಕೆಂದರೆ ಅವಳ ಗಂಡ ಕಾಣೆಯಾಗಿದ್ದ. ಅವನು ಅದೇ ಕಾಡಿನ ಗಾರ್ಡು. ಮಳೆ ಹಿಡಿಯುವ ಮುಂಚಿನ ಒಂದು ಸಂಜೆ ಟಾರ್ಚು ಹಿಡಿದು ಗಸ್ತಿಗೆ ಹೊರಟವನು ಮರುದಿನ ಬರಲಿಲ್ಲ, ಆಮೇಲೂ ಬರಲಿಲ್ಲ. ಹೊರಡುವ ಹೊತ್ತಿಗೆ ಮನೆಯಲ್ಲಿ ಜಗಳವಾಗಿತ್ತು. ಜಗಳಕ್ಕೆ ಕಾರಣವಾದರೂ ಏನು? ತಟ್ಟೆಗೆ ಕೈಹಾಕಿದವನು ಮುಖ ಸಿಂಡರಿಸಿ, "ನಿನ್ನ ಕೈಗೆ ಕೊಳೆತ ನಾತ. ಬಡಿಸಿದ್ರೆ ಊಟಾನೂ ನಾರುತ್ತೆ" ಎಂದ. ದಿನವಿಡೀ ತಣ್ಣೀರಿನಲ್ಲಿ ಕೈಯಿಟ್ಟು ಬಂದವಳಿಗೆ ರೇಗದೆ ಇರುತ್ತದೆಯೇ? "ನಾರದೇ ಇರೋ ಕಡೆ ಹೋಗಿ ಊಟ ಮಾಡಿ. ತಿರುಗಿ ಬರಲೇಬೇಡಿ" ಎಂದಳು. ಬೈಯುವಾಗಲೂ ಬಹುವಚನ ಬಿಡದ ಹೆಂಗಸು. ಅವನು ತಟ್ಟೆ ಸರಿಸಿ ಎದ್ದು ಹೋದ. ಒಳಕೋಣೆಯಲ್ಲಿ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡಿದ್ದರು.

ಹುಡುಕಿದರು. ಇಲಾಖೆಯವರು ಹುಡುಕಿದರು, ಕೇಂದ್ರದವರು ಹುಡುಕಿದರು. ನಾಯಿ ತಂದರು, ಹೊಳೆಗೆ ಕೊಕ್ಕೆ ಹಾಕಿ ಜಾಲಾಡಿದರು. ಅಷ್ಟರಲ್ಲಿ ಮಳೆ ಹಿಡಿದು ಹೆಜ್ಜೆ ಗುರುತೆಲ್ಲ ತೊಳೆದು ಹೋಯಿತು. ಆಮೇಲೆ ಬೀದಿಯ ಕ್ಷೌರಿಕ ಒಂದು ಮಾತು ಹುಟ್ಟಿಸಿದ: ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗಾರ್ಡನ್ನು ಕಂಡೆ, ಬೆನ್ನು ತಿರುಗಿಸಿ ನಿಂತಿದ್ದ. ಬೆನ್ನು ನೋಡಿ ಗುರುತು ಹಿಡಿದ ಮಹಾನುಭಾವ! ಆದರೆ ಬೀದಿಗೆ ಅಷ್ಟೇ ಸಾಕಾಗಿತ್ತು. ಹೆಂಡತಿಯ ಬಾಯಿಗೆ ಹೆದರಿ ಊರು ಬಿಟ್ಟ ಎಂಬಲ್ಲಿಗೆ ಕಥೆ ಗಟ್ಟಿಯಾಯಿತು.

ಬೇರಕ್ಕನ ಬದುಕು ಅಲ್ಲಿಂದ ಒಂದೇ ಪ್ರಶ್ನೆಗೆ ಜೋತುಬಿತ್ತು. ಅವನು ಕಾಡಿನಲ್ಲಿ ಸತ್ತನೋ, ತನ್ನ ಮಾತಿಗೆ ಬಿಟ್ಟು ಹೋದನೋ? ಸತ್ತಿದ್ದರೆ ಅದು ಹಣೆಬರಹ. ಬದುಕಿದ್ದರೆ ಅವಳ ನಾಲಿಗೆಯೇ ಮನೆ ಮುರಿದದ್ದು. ಅತ್ತೆಯ ಮಟ್ಟಿಗೆ ತೀರ್ಪು ಎಂದೋ ಆಗಿತ್ತು. ಅವರು ಸೊಸೆ ಬಡಿಸಿದ್ದನ್ನು ಉಣ್ಣುತ್ತಿದ್ದರು, ಸೊಸೆ ಹಾಸಿದ ಹಾಸಿಗೆಯಲ್ಲಿ ಮಲಗುತ್ತಿದ್ದರು, ಸೊಸೆಯೊಡನೆ ಮಾತಾಡುತ್ತಿರಲಿಲ್ಲ. ಮಾತನ್ನೆಲ್ಲ ಗೋಡೆಗೆ ಹೇಳುತ್ತಿದ್ದರು. "ಬರ್ತಾನೆ ನನ್ನ ಮಗ. ಕೆಲವರ ನಾಲಿಗೆ ಬಿದ್ದುಹೋದ ದಿನ ಬರ್ತಾನೆ." ಇದನ್ನು ದಿನಾ ಕೇಳಿ ಕೇಳಿ ಬೇರಕ್ಕ ಒಂದು ಕೆಟ್ಟ ಆಸೆಗೆ ಬಿದ್ದಳು. ಅವನು ಸತ್ತಿರಲಿ ಎಂಬ ಆಸೆ. ಅವನ ಮೇಲೆ ಪ್ರೀತಿ ಇಲ್ಲದೆ ಅಲ್ಲ. ಪ್ರೀತಿ ಇದ್ದದ್ದಕ್ಕೇ, ಅವನು ತನ್ನನ್ನು ಬೇಡವೆಂದು ಬಿಟ್ಟು ಹೋದ ಎಂಬುದನ್ನು ಅವಳಿಂದ ತಡೆಯಲು ಆಗುತ್ತಿರಲಿಲ್ಲ.

ಹೀಗಿರುವಾಗ, ಮರುವರ್ಷದ ಮಳೆ ನಿಂತ ಮೇಲೆ, ಅವಳು ಬುಟ್ಟಿ ಹಿಡಿದು ಮೂರನೇ ತಾಕಿಗೆ ಹೋದಳು. ಆ ತಾಕಿನದೇ ಒಂದು ತಲೆನೋವು. ಯೂರಿಯಾ ಹಾಕಿಸಿದ್ದರೂ ಅಲ್ಲಿ ಯೂರಿಯಾದ ಅಣಬೆ ಒಂದೂ ಏಳಲಿಲ್ಲ. ಇಳಿಜಾರು, ಮಳೆನೀರು ಕೊಚ್ಚಿಕೊಂಡು ಹೋಗಿರಬೇಕೆಂದು ಮೇಡಂ ತಲೆ ಕೆಡಿಸಿಕೊಂಡಿದ್ದರು. ಬರಿಗೈಯಲ್ಲಿ ಹಿಂತಿರುಗುತ್ತಿದ್ದವಳು ಸುತ್ತು ತಪ್ಪಿಸಲೆಂದು ಗಾರ್ಡುಗಳು ತುಳಿದ ಒಳದಾರಿ ಹಿಡಿದಳು. ದಾರಿಯ ಪಕ್ಕದಲ್ಲಿ ಒಂದು ದೊಡ್ಡ ಬಂಡೆ, ಬಂಡೆಗೊರಗಿದ ಹಳೆಯ ಪೈನ್ ಮರ. ಅದರ ಬುಡದಲ್ಲಿ, ಒಬ್ಬ ಮನುಷ್ಯ ಮೈಚೆಲ್ಲಿ ಮಲಗುವಷ್ಟು ಜಾಗದಲ್ಲಿ, ಮಾಸಲು ಕಂದು ಟೋಪಿಗಳು ಒತ್ತೊತ್ತಾಗಿ ಎದ್ದು ನಿಂತಿದ್ದವು.

ಅವಳು ಬುಟ್ಟಿ ಕೆಳಗಿಟ್ಟಳು. ಇಲ್ಲಿ ತಾಕಿಲ್ಲ, ಹಗ್ಗವಿಲ್ಲ, ಯೂರಿಯಾ ಹಾಕಿಲ್ಲ. ಅಣಬೆಗಳ ಗಾತ್ರ ನೋಡಿದರೆ, ಈ ಮಣ್ಣಿಗೆ ಅಮೋನಿಯಾ ಇಳಿದು ಒಂದು ಮಳೆಗಾಲ ಪೂರ್ತಿ ಕಳೆದು ಇನ್ನೊಂದಾಗಿದೆ. ಅಂದರೆ ಅವನು ಕಾಣೆಯಾದ ಹೊತ್ತೇ. ಅವಳು ಮಂಡಿಯೂರಿ ಒಂದು ಟೋಪಿಯನ್ನು ಮುಟ್ಟಿದಳು. ಒದ್ದೆಯಾಗಿ, ತಣ್ಣಗಿತ್ತು. "ಇಲ್ಲಿದ್ರಾ?" ಎಂದಳು. ಆಮೇಲೆ ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ಸುಳ್ಳೇಕೆ, ಆ ಅಳುವಿನಲ್ಲಿ ಅರ್ಧದಷ್ಟು ಸಂತೋಷವಿತ್ತು.

ಯಾರಿಗೂ ಹೇಳದೆ ಮೊದಲು ಅಗೆದು ನೋಡಬೇಕೆಂಬ ವಿವೇಕ ಅವಳಿಗಿತ್ತು. ಆದರೆ ಸಂಜೆ ಮನೆಗೆ ಕಾಲಿಡುತ್ತಲೇ ಅತ್ತೆ ಗೋಡೆಯ ಕಡೆ ತಿರುಗಿ, "ಬಂದ್ಲು ನೋಡು, ಗಂಡನ್ನ ಓಡಿಸಿದ ಮಹಾತಾಯಿ" ಎಂದರು. ದಿನವೂ ಕೇಳಿದ್ದ ಮಾತೇ. ಅಂದು ಮಾತ್ರ ತಡೆಯಲಾಗಲಿಲ್ಲ.

"ಓಡಿ ಹೋಗಿಲ್ಲ ಅವರು" ಎಂದಳು ಬೇರಕ್ಕ. "ಕಾಡಲ್ಲೇ ಇದ್ದಾರೆ. ಜಾಗ ಸಿಕ್ತು."

ಅತ್ತೆ ನಿಧಾನವಾಗಿ ಗೋಡೆಯಿಂದ ಮುಖ ತಿರುಗಿಸಿದರು. ಎಷ್ಟೋ ಕಾಲದ ಮೇಲೆ ಸೊಸೆಯ ಮುಖ ನೋಡಿದರು. ಏನು, ಎಲ್ಲಿ, ಹೇಗೆ ಗೊತ್ತಾಯಿತು ಎಂದು ಕೇಳಿದರು. ಬೇರಕ್ಕ ಹೇಳಿದಳು. ಅಣಬೆಯ ವಿಷಯ ಅವರಿಗೆ ಎಷ್ಟು ಅರ್ಥವಾಯಿತೋ, ಸೊಸೆ ಸುಳ್ಳು ಹೇಳುತ್ತಿಲ್ಲ ಎಂಬುದು ಅರ್ಥವಾಯಿತು. ಮುದುಕಿ ಎದೆ ಬಡಿದುಕೊಳ್ಳಲಿಲ್ಲ. ಗೋಡೆ ಹಿಡಿದು ಕುಸಿದು ಕೂತು, ಕೊನೆಗೆ ಕೈ ಚಾಚಿ ಸೊಸೆಯ ಮುಂಗೈ ಹಿಡಿದುಕೊಂಡರು.

"ನಿನ್ನ ಮಾತಿಗೆ ಹೋಗಿರ್ಲಿಲ್ಲ ಹಾಗಾದ್ರೆ" ಎಂದರು. "ಡ್ಯೂಟಿ ಮಾಡ್ತಾನೇ ಹೋದ ನನ್ನ ಮಗ. ನಾನು ಪಾಪಿ, ನಿನ್ನನ್ನ ಬಾಯಿಗೆ ಬಂದ ಹಾಗೆ ಅಂದೆ ಕಣೇ."

ಬೇರಕ್ಕ ಅವರ ಮಡಿಲಲ್ಲಿ ತಲೆಯಿಟ್ಟಳು. ಎಣ್ಣೆಯ ವಾಸನೆಯ ಆ ಒರಟು ಕೈ ಅವಳ ಕೂದಲನ್ನು ಸವರಿತು. ಮದುವೆಯಾಗಿ ಬಂದಂದಿನಿಂದ ಅತ್ತೆ ಹೀಗೆ ಮುಟ್ಟಿದ್ದು ಅದೇ ಮೊದಲು.

ಸುದ್ದಿ ತಿಳಿದು ಮೈದುನ ಬಂದ. ಗಂಡನ ತಮ್ಮ, ಪಕ್ಕದ ಬೀದಿಯಲ್ಲಿ ಸಂಸಾರ. ಕೇಂದ್ರದಲ್ಲಿ ಹೊರೆ ಹೊರುವ ಕೆಲಸ. ಏಣಿ, ಹಗ್ಗ, ಗೊಬ್ಬರ ಎಲ್ಲವೂ ಕಾಡಿಗೆ ಹೋಗುವುದು ಅವನ ಹೆಗಲ ಮೇಲೆಯೇ. ಅಣ್ಣನೆಂದರೆ ಪ್ರಾಣ ಬಿಡುತ್ತಿದ್ದವನು, ಕೇಳುತ್ತಲೇ ಬಿಕ್ಕಿದ.

"ಪೊಲೀಸ್‌ನೋರಿಗೆ ಹೇಳೋಣ ಅತ್ತಿಗೆ."

"ಮೊದಲು ನಾವು ನೋಡೋಣ ಕಣಪ್ಪಾ. ಹಂದಿ ಎಲುಬೋ ಜಿಂಕೆ ಎಲುಬೋ ಸಿಕ್ಕಿದ್ರೆ, ಬೀದಿ ಜನಕ್ಕೆ ಇನ್ನೊಂದು ವರ್ಷಕ್ಕಾಗುವಷ್ಟು ನಗು."

ಮರುದಿನ ಕೇಂದ್ರಕ್ಕೆ ರಜೆ. ಮಂಡಿ ನೋವಿನ ಅತ್ತೆಯನ್ನು ಮನೆಯಲ್ಲೇ ಬಿಟ್ಟು ಇಬ್ಬರೂ ಗುದ್ದಲಿ ಹಿಡಿದು ಹೋದರು. ಬೇರಕ್ಕ ಅಣಬೆಗಳನ್ನು ಒಂದೊಂದಾಗಿ ಬುಡಸಮೇತ ಬಿಡಿಸಿ ಪಕ್ಕಕ್ಕಿಟ್ಟಳು. ಮೇಲಿನ ಸೂಜಿಯೆಲೆಗಳ ಹಾಸನ್ನು ಸರಿಸಿದಾಗ ಕೆಳಗಿನ ಮಣ್ಣು ಎಣ್ಣೆ ಕುಡಿದಂತೆ ಕಪ್ಪಾಗಿತ್ತು. ಬೇರಿನ ತುದಿ ತುದಿಗೂ ಬಿಳಿಯ ಎಳೆ ಸುತ್ತಿತ್ತು. ಅವಳು ಎಷ್ಟು ತಾಕುಗಳ ಮಣ್ಣು ತೊಳೆದಿದ್ದಳೋ, ಇಷ್ಟು ದಟ್ಟವಾಗಿ ಸುತ್ತಿದ್ದನ್ನು ಕಂಡಿರಲಿಲ್ಲ. ಇವು ಹೀರಿದ್ದು ಯಾರನ್ನು ಎಂದುಕೊಂಡು ಅವಳು ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡಳು.

"ಗುದ್ದಲಿ ಬೇಡ, ಅವರ ತಲೆಗೆ ಬಿದ್ದೀತು" ಎಂದು ಮೈದುನನನ್ನು ತಡೆದು ಕೈಯಲ್ಲೇ ಅಗೆಯತೊಡಗಿದಳು. ಬೇರುಗಳನ್ನು ಕಡಿಯದೆ, ಬೆರಳಲ್ಲಿ ಬಿಡಿಸಿ ಬಿಡಿಸಿ, ಮಣ್ಣನ್ನು ಹಿಡಿಹಿಡಿಯಾಗಿ ತೆಗೆದು ಪುಡಿ ಮಾಡಿ ನೋಡಿದಳು. ಮೊಣಕೈ ಮುಳುಗುವಷ್ಟು ಆಳಕ್ಕೆ ಹೋದರೂ ಅಂಗಿಯ ಒಂದು ಗುಂಡಿ ಸಿಗಲಿಲ್ಲ, ಒಂದು ಹಲ್ಲು ಸಿಗಲಿಲ್ಲ. ಕಪ್ಪು ಮಣ್ಣು ಮುಗಿದು ಹಳದಿ ಮಣ್ಣು ಬಂತು. ಅದನ್ನು ಯಾರೂ ಯಾವತ್ತೂ ಕೆದಕಿರಲಿಲ್ಲ.

"ಬಂಡೆ ಕಡೆ ನೋಡು" ಎಂದಳು. "ಬಂಡೆ ಕಡೆಗೆ ಹೊರಳಿರಬಹುದು."

ಬಂಡೆಯ ಸಂದಿನಲ್ಲಿ ಕೊಳೆತ ಎಲೆಗಳ ನಡುವೆ ಏನೋ ಬಿಳಿಯದು ಕಂಡಿತು. "ಅಂಗಿ!" ಎಂದು ಕೂಗಿ ಬೇರಕ್ಕ ಅದನ್ನು ಹಿಡಿದೆಳೆದಳು. ಅದು ಬಟ್ಟೆಯ ಹಾಗೆ ಬರಲಿಲ್ಲ, ಪರಪರ ಸದ್ದು ಮಾಡುತ್ತ ಬಂತು. ಪ್ಲಾಸ್ಟಿಕ್ ಚೀಲ. ಅವಳು ಮಣ್ಣೊರೆಸಿದಾಗ ಗೊಬ್ಬರದ ಹೆಸರು ಓದುವ ಹಾಗಿತ್ತು.

ಅವಳಿನ್ನೂ ಅದನ್ನು ತಿರುಗಿಸಿ ನೋಡುತ್ತಿದ್ದಳು. ಮೈದುನ ಮಾತ್ರ ಗುದ್ದಲಿ ಕೈಬಿಟ್ಟು ಕೂತುಬಿಟ್ಟಿದ್ದ.

"ಅತ್ತಿಗೆ, ಇದು ನಂದು."

"ಏನು ನಿಂದು?"

"ಈ ಚೀಲ. ಆವತ್ತು ಮೂರನೇ ತಾಕಿಗೆ ಯೂರಿಯಾ ಹೊತ್ಕೊಂಡು ಹೋಗ್ತಿದ್ದೆ. ಇಲ್ಲಿಗೆ ಬರುವಾಗ ಕೆಳಗಿಂದ ಕೂಗಿದ್ರು, ಅಣ್ಣ ಗಸ್ತಿಯಿಂದ ಬಂದಿಲ್ಲ, ಬೇಗ ಬಾ ಅಂತ. ತುಂಬಿದ ಚೀಲ ಇಲ್ಲೇ ಬಿಟ್ರೆ ಕೆಲಸ ಬಿಟ್ಟು ಓಡಿದೆ ಅಂತ ಬೈತಾರಲ್ಲ ಅಂತ ಎಲ್ಲಾನೂ ಇಲ್ಲೇ ಸುರಿದೆ. ಚೀಲ ಸಂದಿಗೆ ತುರುಕಿ ಅಣ್ಣನ್ನ ಹುಡುಕೋಕೆ ಓಡಿದೆ. ಆಮೇಲೆ ಅದು ನೆನಪಿಗೇ ಬರ್ಲಿಲ್ಲ ಅತ್ತಿಗೆ. ತಾಯಾಣೆಗೂ ನೆನಪಿಗೆ ಬರ್ಲಿಲ್ಲ."

ಬೇರಕ್ಕ ಗುಂಡಿಯ ಅಂಚಿನಲ್ಲಿ ಕೂತಳು. ಬೈಯಬಹುದಿತ್ತು. ಯಾರನ್ನು ಬೈಯುವುದು? ಅಣ್ಣನಿಗಾಗಿ ಎದ್ದುಬಿದ್ದು ಓಡಿದವನನ್ನೇ? ಗಂಡನ ಎಲುಬು ಸಿಗಲಿಲ್ಲವೆಂದು ಅವಳ ಹೊಟ್ಟೆಯಲ್ಲಿ ಬೆಂಕಿ ಬಿದ್ದಿತ್ತು. ಇಂಥ ಹೆಂಡತಿ ಇನ್ನೆಲ್ಲಾದರೂ ಇದ್ದಾಳೆಯೇ ಎಂದು ತನ್ನ ಮೇಲೇ ಅವಳಿಗೆ ಹೇಸಿಗೆಯಾಯಿತು.

"ಅಣ್ಣ ಬದುಕಿರಬಹುದು ಅಂತಾಯ್ತಲ್ಲ ಅತ್ತಿಗೆ" ಎಂದ ಮೈದುನ, ಸಮಾಧಾನ ಹೇಳುವವನಂತೆ. "ಒಳ್ಳೇದೇ ಅಲ್ವಾ?"

"ಯಾರಿಗೆ?" ಎಂದಳು ಬೇರಕ್ಕ.

ಇಬ್ಬರೂ ಸೇರಿ ಮಣ್ಣು ಮುಚ್ಚಿದರು. ಚೀಲವನ್ನೂ ಒಳಗೆ ಹಾಕಿದರು. ಮೇಡಂಗೆ ನಿಜ ಹೇಳಿದರೆ ಮೂರನೇ ತಾಕಿನ ತಲೆನೋವೇನೋ ತೀರುತ್ತಿತ್ತು, ಆದರೆ ಮೈದುನನ ಕೆಲಸ ಹೋಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಕೇಂದ್ರಕ್ಕೆ ಹೋದ ಮಾತು ಬೀದಿಗೆ ಬರುತ್ತದೆ, ಬೀದಿಗೆ ಬಂದದ್ದು ಅತ್ತೆಯ ಕಿವಿಗೆ ಬೀಳುತ್ತದೆ. ಮನೆಯ ತಿರುವಿನಲ್ಲಿ ಮೈದುನ, "ಅಮ್ಮಂಗೆ ಏನಂತ ಹೇಳೋದು?" ಎಂದ. ಬೇರಕ್ಕ ನಿಲ್ಲದೆ ಮುಂದೆ ನಡೆದಳು. ಅವಳಿಗೂ ಗೊತ್ತಿರಲಿಲ್ಲ.

ಅತ್ತೆ ಸ್ನಾನ ಮಾಡಿ, ಒಗೆದ ಸೀರೆಯುಟ್ಟು, ತಲೆ ಬಾಚಿಕೊಂಡು ಹೊಸ್ತಿಲಲ್ಲೇ ಕಾದು ಕೂತಿದ್ದರು. ಇವರ ಮಣ್ಣು ಮೆತ್ತಿದ ಕೈಗಳನ್ನು ನೋಡಿ ಎದ್ದು ನಿಲ್ಲಲು ಹೋಗಿ, ಆಗದೆ ಮತ್ತೆ ಕೂತರು.

"ಸಿಕ್ಕಿದ್ನಾ?"

ಮೈದುನ ಬಾಯಿ ತೆರೆದ. ಅವನು ಏನು ಹೇಳಲಿದ್ದನೋ, ಬೇರಕ್ಕ ಅದಕ್ಕೆ ಅವಕಾಶ ಕೊಡಲಿಲ್ಲ. "ಸಿಕ್ಕಿದ್ರು ಅತ್ತೆ" ಎಂದಳು.

"ಕರ್ಕೊಂಡು ಬರ್ಲಿಲ್ವಾ?"

"ಬೇರು ಸುತ್ತಿಕೊಂಡುಬಿಟ್ಟಿದೆ. ಬಿಡಿಸೋಕೆ ಆಗಲ್ಲ. ಅಲ್ಲೇ ಮುಚ್ಚಿ ಬಂದ್ವಿ."

"ತುಂಬಾ ನರಳಿದ್ನೇನೋ?"

"ಇಲ್ಲ ಅತ್ತೆ. ನಿದ್ದೆ ಮಾಡ್ತಿರೋ ಹಾಗಿದ್ರು."

ಮೈದುನ ಗೋಡೆಗೆ ಮುಖವಿಟ್ಟು ಅತ್ತ. ಅಣ್ಣನಿಗಾಗಿ ಅಳುತ್ತಿದ್ದಾನೆಂದು ತಿಳಿದು ಅತ್ತೆ ಅವನ ಬೆನ್ನು ಸವರಿದರು. ಆಮೇಲೆ ಗೋಡೆ ಹಿಡಿದುಕೊಂಡೇ ಅಡುಗೆಮನೆಗೆ ಹೋದರು. ಮಂಡಿ ಹಿಡಿದ ಮೇಲೆ ಅತ್ತ ಕಡೆ ಕಾಲಿಡದಿದ್ದ ಮುದುಕಿ ಅಂದು ತಾವೇ ಒಲೆ ಹಚ್ಚಿದರು, ತಾವೇ ಸೊಸೆಗೆ ತಟ್ಟೆ ಹಾಕಿ ಎದುರಿಗೆ ಕೂತರು. "ಉಣ್ಣು. ಇಷ್ಟು ದಿನ ನೀನೆಲ್ಲಿ ನೆಟ್ಟಗೆ ಉಂಡೆ? ಇನ್ನು ನನಗೆ ನೀನು, ನಿನಗೆ ನಾನು. ಯಾರಾದ್ರೂ ನಿನ್ನ ಬಗ್ಗೆ ಒಂದು ಮಾತು ಆಡ್ಲಿ, ನಾನು ಬೀದಿಗಿಳಿದು ಕೇಳ್ತೀನಿ."

ಬೇಕೆಂದು ಹಂಬಲಿಸಿದ್ದೆಲ್ಲ ಹೀಗೆ ತಟ್ಟೆಗೆ ಬಂದು ಬಿದ್ದಾಗ ಬೇರಕ್ಕ ತುತ್ತು ಕಲಸುತ್ತಲೇ ಕೂತಳು. ಆಮೇಲೆ ಒಂದೊಂದಾಗಿ ನುಂಗಿದಳು. ಅತ್ತೆ ನೋಡುತ್ತಿದ್ದರು.

ಅಷ್ಟರಲ್ಲಿ ಹೊರಗೆ ಹೆಜ್ಜೆ ಸದ್ದು ಕೇಳಿತು. ಗಂಡಸಿನ ಹೆಜ್ಜೆ, ಬೂಟಿನದು. ಬೀದಿಯ ಆ ತುದಿಯಿಂದ ನಿಧಾನವಾಗಿ ಬಂದು ಇವರ ಬಾಗಿಲ ಮುಂದೆ ನಿಂತಿತು. ಬೇರಕ್ಕನ ಕೈ ತಟ್ಟೆಯಲ್ಲೇ ನಿಂತುಹೋಯಿತು. ದೇವರೇ, ಬೇಡ, ಎಂದುಕೊಂಡಳು. ಬೇಡ, ಇವತ್ತಲ್ಲ, ಇನ್ನು ಯಾವತ್ತೂ ಬೇಡ. ಹೊರಗಿನವನು ಕೆಮ್ಮಿದ, ಬೂಟಿನ ಕೆಸರನ್ನು ಮೆಟ್ಟಿಲಿನ ಅಂಚಿಗೆ ಉಜ್ಜಿದ, ಎದುರುಮನೆಯ ಕಡೆ ನಡೆದ. ಎದುರುಮನೆಯ ಬಾಗಿಲು ತೆರೆದು ಮುಚ್ಚಿಕೊಂಡಿತು.

"ಯಾರೇ ಅದು?" ಎಂದರು ಅತ್ತೆ.

"ಯಾರೂ ಅಲ್ಲ ಅತ್ತೆ" ಎಂದಳು ಬೇರಕ್ಕ. "ನೀವೂ ಬಡಿಸ್ಕೊಳ್ಳಿ."